ಜೀವಕೋಶದ ಬದುವಿನ ಮೇಲೆ ಒಂದು ಹನಿ ಕೊಬ್ಬು

ಸುಗ್ಗಿ ಮುಗಿದು ಸಿದ್ದಾಪುರ, ಕಾರಟಗಿ, ಗಂಗಾವತಿ ಸೀಮೆಯ ರೈಸ್‌ಮಿಲ್ಲುಗಳು ಹಗಲು ರಾತ್ರಿ ಓಡುವ ದಿನಗಳಲ್ಲಿ ಅಕ್ಕಿಗಿಂತ ಹೆಚ್ಚು ಅವಸರ ಮಾಡಬೇಕಾದದ್ದು ತೌಡಿಗೆ. ಅಕ್ಕಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತರೂ ಕೆಡುವುದಿಲ್ಲ. ಹಳೆಯದಾದಷ್ಟೂ ಅನ್ನ ಉದುರುದುರಾಗುತ್ತದೆಂದು ಹಳೆ ಅಕ್ಕಿಗೆ ಬೆಲೆಯೂ ಜಾಸ್ತಿ. ತೌಡು ಮಾತ್ರ ಯಂತ್ರದಿಂದ ಬಿದ್ದ ಗಳಿಗೆಯಿಂದಲೇ ಹಾಳಾಗತೊಡಗುತ್ತದೆ. ಅದರಲ್ಲಿರುವ ಎಣ್ಣೆ ಒಡೆದು, ಹುಳಿಯಾಗಿ, ಕೆಲವೇ ದಿನಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಅದಕ್ಕೇ ತೌಡೆಣ್ಣೆ ತೆಗೆಯುವವರು ಅದನ್ನು ತಡಮಾಡದೆ ಕಾರ್ಖಾನೆಗೆ ಸಾಗಿಸುತ್ತಾರೆ, ಇಲ್ಲವೇ ಚೆನ್ನಾಗಿ ಬಿಸಿ ಮಾಡಿ ಕೆಡದಂತೆ ಕಾಯುತ್ತಾರೆ. ಇದೇ ಎಣ್ಣೆ ಭತ್ತದ ಕಾಳಿನೊಳಗೆ, ಗೋಣಿಚೀಲದಲ್ಲಿ, ತಿಂಗಳುಗಟ್ಟಲೆ ಇತ್ತು. ಆಗ ಏನೂ ಆಗಿರಲಿಲ್ಲ. ಕಾಳಿನ ಒಳಗೆ ಎಣ್ಣೆ ಒಂದು ಪದರದ ಕೋಶಗಳಲ್ಲಿರುತ್ತದೆ, ಆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಪದರದಲ್ಲಿರುತ್ತದೆ. ಎರಡರ ನಡುವೆ ಕೋಶಗಳ ಗೋಡೆ, ಪೊರೆಗಳ ಅಡ್ಡಿ ಇದೆ. ಮಿಲ್ಲಿನ ಉಜ್ಜುವಿಕೆಯಲ್ಲಿ ಆ ಅಡ್ಡಿ ಹರಿದುಹೋಗಿ ಇಬ್ಬರೂ ಒಂದೇ ಕಡೆ ಸೇರುತ್ತಾರೆ. ಜೀವಂತ ಕಾಳು ಮಾಡುತ್ತಿದ್ದ ಕೆಲಸ ಏನೆಂಬುದು ಅದು ನಿಂತ ಮೇಲೆ ಮೂಗಿಗೆ ತಿಳಿಯುತ್ತದೆ.

ತೌಡಿನ ಎಣ್ಣೆ ಕೂಡಿಟ್ಟ ಆಹಾರ, ಸಸಿಯ ಬುತ್ತಿ. ನಾನಿಲ್ಲಿ ಹೇಳಬೇಕೆಂದಿರುವುದು ಅದರ ದಾಯಾದಿಯಾದ ಬೇರೊಂದು ಕೊಬ್ಬಿನ ವಿಷಯ: ಜೀವಕೋಶದ ಹೊರಪೊರೆಯಲ್ಲಿ ಕೂತು ಸುದ್ದಿ ಮುಟ್ಟಿಸುವ ಲಿಪಿಡ್‌ಗಳು. ಕೊಬ್ಬು ಎಂದರೆ ಸೊಂಟದ ಸುತ್ತ ಕೂಡುವುದು, ರಕ್ತಪರೀಕ್ಷೆಯ ಚೀಟಿಯಲ್ಲಿ ಏರಿಳಿಯುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದ್ದರಿಂದ ಕೊಬ್ಬಿನ ಲೆಕ್ಕವನ್ನು ನಾವು ಯಾವಾಗಲೂ ಎಷ್ಟಿದೆ ಎಂದೇ ಕೇಳುತ್ತೇವೆ. ಪೊರೆಯ ಸುದ್ದಿಗಾರ ಲಿಪಿಡ್‌ಗಳ ವಿಷಯದಲ್ಲಿ ಈ ಪ್ರಶ್ನೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ಕೇಳಬೇಕಾದದ್ದು ಎಲ್ಲಿದೆ, ಯಾವಾಗ ಹುಟ್ಟಿತು, ಎಷ್ಟು ಬೇಗ ಅಳಿಯಿತು, ಅಳಿದದ್ದು ಎಷ್ಟು ಬೇಗ ಮರಳಿ ತಯಾರಾಯಿತು ಎಂದು. ಕಳೆದ ಏಳು ದಶಕಗಳ ಸಂಶೋಧನೆ, ಅದರಲ್ಲಿ ನಮ್ಮ ಬೆಂಗಳೂರಿನ ಪ್ರಯೋಗಾಲಯಗಳ ಪಾಲೂ ಸೇರಿ, ಈ ಮಾತನ್ನೇ ಮತ್ತೆ ಮತ್ತೆ ಎತ್ತಿ ಹಿಡಿದಿದೆ ಎಂಬುದು ನನ್ನ ವಾದ.

ಕೋಶಪೊರೆ ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದದ್ದು. ಸುಮಾರು 5 ನ್ಯಾನೊಮೀಟರ್. ಎರಡು ಸಾಲು ಲಿಪಿಡ್ ಅಣುಗಳು ಬಾಲಕ್ಕೆ ಬಾಲ ತಾಗಿಸಿ ನಿಂತರೆ ಅದೇ ಪೊರೆ. ಗದ್ದೆಯ ಬದು ನೀರನ್ನು ತಡೆದು ನಿಲ್ಲಿಸುವಂತೆ ಇದು ಒಳಗನ್ನು ಹೊರಗಿನಿಂದ ಬೇರೆಯಾಗಿ ಇಡುತ್ತದೆ. ಬಹುಪಾಲು ಲಿಪಿಡ್‌ಗಳಿಗೆ ಬದುವಿನ ಮಣ್ಣಾಗಿರುವುದೇ ಕೆಲಸ. ಆದರೆ ಒಳಮೈ ಸಾಲಿನಲ್ಲಿ ಇನಾಸಿಟಾಲ್ ಎಂಬ, ಸಕ್ಕರೆಯನ್ನು ಹೋಲುವ ತಲೆಯುಳ್ಳ ಒಂದು ಚಿಕ್ಕ ಬಳಗವಿದೆ. ಆ ತಲೆಯ ಮೇಲೆ ಬೇರೆ ಬೇರೆ ಜಾಗಗಳಲ್ಲಿ ಫಾಸ್ಫೇಟ್ ಗುಂಪುಗಳನ್ನು ಅಂಟಿಸಬಹುದು, ಕಿತ್ತು ಹಾಕಬಹುದು. ಹೀಗೆ ಅಂಟಿಸಿದ್ದರಲ್ಲಿ ಏಳು ಬಗೆಗಳು ಪ್ರಾಣಿಕೋಶಗಳಲ್ಲಿ ಕಂಡಿವೆ. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಎರಡು ಫಾಸ್ಫೇಟ್ ಹೊತ್ತ ಪಿಪ್-2. ಪೂರ್ತಿ ಹೆಸರು ಫಾಸ್ಫಟೈಡಿಲ್ ಇನಾಸಿಟಾಲ್ 4,5-ಬಿಸ್‌ಫಾಸ್ಫೇಟ್. ಪೊರೆಯ ಫಾಸ್ಫೊಲಿಪಿಡ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದರಷ್ಟು. ಇಷ್ಟು ಕಡಿಮೆ ಇರುವುದಕ್ಕೆ ಅರ್ಥವಿದೆ. ಎಲ್ಲೆಲ್ಲೂ ಇರುವ ವಸ್ತುವಿನಲ್ಲಿ ಸಣ್ಣ ಹೆಚ್ಚುಕಡಿಮೆಯಾದರೆ ಯಾರ ಗಮನಕ್ಕೂ ಬಾರದು. ಅಪರೂಪದ ವಸ್ತುವಿನಲ್ಲಾದರೆ ಕೂಡಲೇ ಗೊತ್ತಾಗುತ್ತದೆ.

ಈ ಬಳಗ ಸುದ್ದಿಯ ಕೆಲಸದಲ್ಲಿದೆ ಎಂಬ ಮೊದಲ ಸುಳಿವು ಸಿಕ್ಕದ್ದು 1953ರಲ್ಲಿ. ಸಿದ್ದಾಪುರದ ಸೀಮೆಯ ಬದುಕನ್ನೇ ಬದಲಿಸಿದ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ ವರ್ಷವೂ ಅದೇ. ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ದಂಪತಿ ಪಾರಿವಾಳದ ಮೇದೋಜ್ಜೀರಕ ಗ್ರಂಥಿಯ ತೆಳು ಹೋಳುಗಳನ್ನು ವಿಕಿರಣಶೀಲ ಫಾಸ್ಫೇಟ್ ಇದ್ದ ದ್ರವದಲ್ಲಿ ಇಟ್ಟು, ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕವನ್ನು ಸೇರಿಸಿದರು. ಗ್ರಂಥಿ ಜೀರ್ಣರಸ ಸುರಿಸತೊಡಗಿತು; ಅದರ ಜೊತೆಗೆ ವಿಕಿರಣಶೀಲ ಫಾಸ್ಫೇಟ್ ಪೊರೆಯ ಲಿಪಿಡ್‌ಗಳಿಗೆ ಹಲವು ಪಟ್ಟು ಹೆಚ್ಚಾಗಿ ಸೇರತೊಡಗಿತು. ಇಲ್ಲಿ ತಿಳಿದದ್ದು ಲಿಪಿಡ್ ಹೆಚ್ಚಾಯಿತು ಎಂದಲ್ಲ. ಹಳೆಯದು ಒಡೆದು ಹೊಸದು ಕಟ್ಟಿಕೊಳ್ಳುವ ವೇಗ ಹೆಚ್ಚಾಯಿತು ಎಂದು. ಸುದ್ದಿ ಬಂದಾಗ ಬದುವಿನ ಮಣ್ಣೇ ಚಲನೆಗೆ ಬಂದಂತಿತ್ತು. ಅದರ ಅರ್ಥ ಬಿಡಿಸಲು ಮೂವತ್ತು ವರ್ಷ ಬೇಕಾಯಿತು. 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ಪಿಪ್-2 ಒಡೆದಾಗ ಉದುರುವ ತಲೆಯ ಭಾಗ, ಅಂದರೆ ಐಪಿ-3, ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಬಿಡಿಸುತ್ತದೆಂದು ತೋರಿಸಿದರು. ಪೊರೆಯಲ್ಲೇ ಉಳಿಯುವ ಬಾಲದ ಭಾಗ, ಡೈಯಾಸಿಲ್‌ಗ್ಲಿಸರಾಲ್, ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆಂಬುದನ್ನು ಜಪಾನಿನ ಯಾಸುತೊಮಿ ನಿಶಿಝುಕಾ ಅದೇ ಹೊತ್ತಿಗೆ ಕಂಡುಕೊಂಡಿದ್ದರು. ಒಂದು ಅಣು ಸೀಳಿ ಎರಡು ಸುದ್ದಿ.

ಎಬ್ಬಿಸಿದ್ದನ್ನು ಮಲಗಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಹೊಲದ ಬೇಲಿಯಲ್ಲೇ ಇದೆ. ಕಾಡುಹರಳು, ಅಂದರೆ ಜಟ್ರೋಫಾ. ದನ ತಿನ್ನದ ಗಿಡವೆಂದು ಬೇಲಿಗೆ ನೆಟ್ಟದ್ದು, ಈ ಶತಮಾನದ ಮೊದಲ ದಶಕದಲ್ಲಿ ಜೈವಿಕ ಇಂಧನದ ಹೆಸರಿನಲ್ಲಿ ರಸ್ತೆಬದಿಗೂ ಬಂದದ್ದು. ಅದರ ಬೀಜದಲ್ಲಿ ಫೋರ್ಬಾಲ್ ಎಸ್ಟರ್ ಎಂಬ ವಿಷವಿದೆ. ಜಾಪಾಳದ ಬೀಜದಲ್ಲೂ ಅದೇ ಜಾತಿಯದು. ಈ ವಿಷದ ಅಣು ಡೈಯಾಸಿಲ್‌ಗ್ಲಿಸರಾಲ್‌ನ ವೇಷ ಹಾಕಿ ಅದೇ ಕಿಣ್ವಕ್ಕೆ ಅಂಟುತ್ತದೆ. ಅಸಲಿ ಲಿಪಿಡ್ಡನ್ನು ಕೋಶ ಬೇಗನೇ ಬೇರೆಯದಾಗಿ ಮಾರ್ಪಡಿಸಿ ಸುದ್ದಿಯನ್ನು ಮುಗಿಸುತ್ತದೆ. ಈ ವೇಷಧಾರಿಯನ್ನು ಹಾಗೆ ಬೇಗ ತೊಲಗಿಸಲು ಕೋಶಕ್ಕೆ ಬರುವುದಿಲ್ಲ. ಪ್ರಯೋಗಾಲಯದ ಇಲಿಗಳ ಚರ್ಮದ ಮೇಲೆ ಜಾಪಾಳದ ಎಣ್ಣೆ ಗಡ್ಡೆಗಳ ಬೆಳವಣಿಗೆಗೆ ಕುಮ್ಮಕ್ಕು ಕೊಡುವುದನ್ನು ವಿಜ್ಞಾನಿಗಳು ಬಹಳ ಹಿಂದೆಯೇ ನೋಡಿದ್ದರು. ಕಾರಣ ತಿಳಿದದ್ದು 1982ರ ಸುಮಾರಿಗೆ. ಎರಡೂ ಅಣುಗಳು ಹೇಳುವ ಸುದ್ದಿ ಒಂದೇ. ಒಂದು ಜೀವನದ ಭಾಗ, ಇನ್ನೊಂದು ವಿಷ. ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿದೆ. (ಕಾಡುಹರಳಿನ ಬೀಜವನ್ನು ಬಾಯಿಗೆ ಹಾಕಬಾರದೆಂದು ಮಕ್ಕಳಿಗೆ ಹೇಳಿಕೊಡುವುದು ಇದೆಲ್ಲದರಾಚೆಗೂ ಅಗತ್ಯ.)

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಈ ವಿಷಯದಲ್ಲಿ ಜಗತ್ತು ಗಮನಿಸುವ ಕೆಲಸ ಮಾಡಿದೆ. ಒಬೇದ್ ಸಿದ್ದೀಖಿ ಹಾಕಿದ ಅಡಿಪಾಯದಿಂದಾಗಿ ಅಲ್ಲಿ ಹಣ್ಣಿನ ನೊಣದ ತಳಿಶಾಸ್ತ್ರ ಗಟ್ಟಿಯಾಗಿ ನೆಲೆಯೂರಿದೆ. ಮಾಗಿದ ಬಾಳೆಹಣ್ಣಿನ ಸುತ್ತ ಹಾರಾಡುವ ಆ ಗುಂಗಾಡಿನಂಥ ನೊಣವೇ ಇದು. ಗೈಟಿ ಹಸನ್ ಮತ್ತು ಸಂಗಡಿಗರು ಐಪಿ-3 ಅಂಟುವ ಗ್ರಾಹಕದ ಜೀನ್ ಕೆಟ್ಟ ನೊಣಗಳು ಹಾರಲಾರವೆಂದು 2004ರಲ್ಲಿ ತೋರಿಸಿದರು. ರಘು ಪಡಿಂಜತ್ ಅವರ ಗುಂಪು ನೊಣದ ಕಣ್ಣನ್ನೇ ಹಿಡಿದು ಕೂತಿತು. ನೊಣದ ಕಣ್ಣನ್ನು ಆರಿಸಲು ಕಾರಣವಿದೆ: ಅದರ ಬೆಳಕಿನ ಕೋಶಗಳಲ್ಲಿ ಪೊರೆ ಹತ್ತಾರು ಸಾವಿರ ಸೂಕ್ಷ್ಮ ಬೆರಳುಗಳಾಗಿ ಮಡಚಿಕೊಂಡಿದೆ, ಬೆಳಕು ಬಿದ್ದ ಕೂಡಲೇ ಅಲ್ಲಿ ಪಿಪ್-2 ಒಡೆಯುತ್ತದೆ, ಅದರಿಂದ ಪೊರೆಯ ಕಾಲುವೆಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗಿ ನೊಣಕ್ಕೆ ಬೆಳಕು ಕಾಣುತ್ತದೆ. ದೇಹದ ಬೇರೆ ಕೋಶಗಳು ಇಷ್ಟು ಜೋರಾಗಿ, ಇಷ್ಟು ಹೊತ್ತು ಈ ಲಿಪಿಡ್ಡನ್ನು ಖರ್ಚು ಮಾಡುವುದು ಅಪರೂಪ. ಹಗಲಿನ ಬೆಳಕಿನಲ್ಲಿ ಮರುಪೂರಣವಿಲ್ಲದೆ ಹೋದರೆ ಆ ಬೆರಳುಗಳಲ್ಲಿರುವ ಪಿಪ್-2 ಕ್ಷಣಗಳಲ್ಲಿ ಬರಿದಾಗಬೇಕು. ಆದರೂ ನೊಣ ದಿನವಿಡೀ ನೋಡುತ್ತಲೇ ಇರುತ್ತದೆ.

ಪ್ರಯೋಗದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೀವಂತ ನೊಣವನ್ನು ಪ್ಲಾಸ್ಟಿಕ್ ಪಿಪೆಟ್ಟಿನ ತುದಿಗೆ ತಂದು, ಬಣ್ಣವಿಲ್ಲದ ನೇಲ್‌ಪಾಲಿಶ್‌ನ ಒಂದು ಹನಿಯಿಂದ ಕದಲದಂತೆ ನಿಲ್ಲಿಸುತ್ತಾರೆ. ಆ ನೊಣದ ಕಣ್ಣಿನ ಕೋಶಗಳಲ್ಲಿ ಪಿಪ್-2ಕ್ಕೆ ಅಂಟುವ, ಹಸಿರಾಗಿ ಹೊಳೆಯುವ ಪ್ರೋಟೀನ್ ಮೊದಲೇ ಸೇರಿಸಿದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ನಡುವೆ ಒಂದು ಹಸಿರು ಮಚ್ಚೆ ಕಾಣುತ್ತದೆ. ಪ್ರಖರ ಬೆಳಕನ್ನು ಬಿಟ್ಟರೆ ಮಚ್ಚೆ ಮಸುಕಾಗುತ್ತದೆ: ಪಿಪ್-2 ಒಡೆಯಿತು. ಕತ್ತಲಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊಳೆಯುತ್ತದೆ: ಮರಳಿ ತಯಾರಾಯಿತು. ಆರ್‌ಡಿಜಿಬಿ ಎಂಬ ಪ್ರೋಟೀನ್ ಕೆಟ್ಟ ನೊಣಗಳಲ್ಲಿ ಮಚ್ಚೆ ಮಸುಕಾದದ್ದು ಚೇತರಿಸಿಕೊಳ್ಳಲು ಬಹಳ ತಡಮಾಡುತ್ತದೆ. ಅಂಥ ನೊಣಗಳನ್ನು ಬೆಳಕಿನಲ್ಲಿ ಸಾಕಿದರೆ ಕಣ್ಣಿನ ಕೋಶಗಳು ನಶಿಸುತ್ತವೆ. ಒಡೆಯುವ ಕಿಣ್ವ ಸರಿಯಿದೆ, ಗ್ರಾಹಕ ಸರಿಯಿದೆ, ಕಾಲುವೆ ಸರಿಯಿದೆ. ಖರ್ಚಾದದ್ದು ಹೊತ್ತಿಗೆ ಮರಳಿ ಬಾರದ ಒಂದೇ ಕಾರಣಕ್ಕೆ ಕಣ್ಣು ಕುರುಡಾಗುತ್ತದೆ.

ಈ ಆರ್‌ಡಿಜಿಬಿ ಮಾಡುವುದು ಹಮಾಲರ ಕೆಲಸ. ಪಿಪ್-2 ಒಡೆದ ಮೇಲೆ ಉಳಿದ ಬಾಲ ಮೊದಲು ಫಾಸ್ಫಟಿಡಿಕ್ ಆಮ್ಲವಾಗುತ್ತದೆ. ಅದನ್ನು ಮರಳಿ ಇನಾಸಿಟಾಲ್ ಲಿಪಿಡ್ಡಾಗಿ ಕಟ್ಟುವ ಕಾರ್ಯಾಗಾರ ಹೊರಪೊರೆಯಲ್ಲಿಲ್ಲ, ಒಳಗಿನ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಜಾಲದಲ್ಲಿದೆ. ಕೊಬ್ಬು ನೀರಿನಲ್ಲಿ ಕರಗದು, ತಾನಾಗಿ ಈಜಿ ಹೋಗಲಾರದು. ಎರಡು ಪೊರೆಗಳು ಹತ್ತಾರು ನ್ಯಾನೊಮೀಟರ್ ಅಂತರಕ್ಕೆ ಬಂದು ಮುಖಾಮುಖಿಯಾಗುವ ಕಟ್ಟೆಗಳಲ್ಲಿ ಆರ್‌ಡಿಜಿಬಿ ನಿಂತು, ಒಂದು ಕಡೆಯಿಂದ ಹಳತನ್ನು ಇಳಿಸಿ ಇನ್ನೊಂದು ಕಡೆಯಿಂದ ಹೊಸತನ್ನು ಏರಿಸುತ್ತದೆ. ಎನ್‌ಸಿಬಿಎಸ್ ಗುಂಪು 2015ರಲ್ಲಿ ಈ ಸಾಗಣೆಯನ್ನೂ, 2018ರಲ್ಲಿ ಆ ಪ್ರೋಟೀನ್ ಸರಿಯಾದ ಕಟ್ಟೆಯಲ್ಲೇ ನಿಲ್ಲಲು ವ್ಯಾಪ್ ಎಂಬ ಇನ್ನೊಂದು ಪ್ರೋಟೀನಿನ ಆಸರೆ ಬೇಕೆಂಬುದನ್ನೂ ಪ್ರಕಟಿಸಿತು. ಆಸರೆ ತಪ್ಪಿಸಿದರೆ ಹಮಾಲ ಕೋಶದಲ್ಲೇ ಇರುತ್ತಾನೆ, ಆದರೆ ತಪ್ಪು ಜಾಗದಲ್ಲಿ, ಕೆಲಸ ಕೆಡುತ್ತದೆ. ತೌಡಿನಲ್ಲಿ ಕಂಡ ಜಾಗದ ಪ್ರಶ್ನೆಯೇ ಇಲ್ಲಿ ತಿರುಗಿ ಬಂದಿದೆ: ಅಲ್ಲಿ ಸೇರಬಾರದ್ದು ಸೇರಿತು, ಇಲ್ಲಿ ಸೇರಬೇಕಾದದ್ದು ಸೇರಲಿಲ್ಲ.

ಇದಕ್ಕೆ ವಿರುದ್ಧದ ಕೇಡನ್ನೂ ನೊಣ ತೋರಿಸಿದೆ. ಆರ್‌ಡಿಜಿಎ ಎಂಬ ಕಿಣ್ವ ಇಲ್ಲದ ನೊಣದಲ್ಲಿ ಡೈಯಾಸಿಲ್‌ಗ್ಲಿಸರಾಲ್ ಅನ್ನು ಫಾಸ್ಫಟಿಡಿಕ್ ಆಮ್ಲವಾಗಿ ಬದಲಿಸುವವರಿಲ್ಲ. ರಘು ಅವರು ಕೇಂಬ್ರಿಜ್‌ನಲ್ಲಿ ರೋಜರ್ ಹಾರ್ಡಿ ಅವರ ಜೊತೆ ಮಾಡಿ 2000ದಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಂಥ ನೊಣದ ಕಾಲುವೆಗಳು ಕತ್ತಲಲ್ಲೂ ತೆರೆದೇ ಇರುವುದು ಕಂಡಿತು. ಕ್ಯಾಲ್ಸಿಯಂ ನುಗ್ಗಿ ನುಗ್ಗಿ ಕೋಶ ಸಾಯುತ್ತದೆ. ಮುಚ್ಚದ ಬಾಗಿಲಿನ ಕೇಡನ್ನು ಈ ಸೀಮೆಯೂ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದ ನೀರು ವಾರದ ಮಟ್ಟಿಗೆ ಹೊಳೆಗೆ ಹರಿದುಹೋಗುವುದನ್ನು ಎರಡನೇ ಬೆಳೆಯ ಆಸೆಯಲ್ಲಿದ್ದ ಈ ಸೀಮೆಯ ರೈತರು ಎದೆ ಹಿಡಿದುಕೊಂಡು ನೋಡಿದರು. 33 ಗೇಟುಗಳಲ್ಲಿ ಒಂದೇ ಒಂದು ಮುಚ್ಚದಾದದ್ದು ಸಾಕಾಯಿತು. ಗೇಟನ್ನು ತೆರೆಯುವುದು ಎಷ್ಟು ಮುಖ್ಯವೋ ಮುಚ್ಚುವುದೂ ಅಷ್ಟೇ ಮುಖ್ಯವೆಂದು ಅವರಿಗೆ ಯಾವ ಜೀವವಿಜ್ಞಾನಿಯೂ ಹೇಳಿಕೊಡಬೇಕಿಲ್ಲ. ಆದರೆ ಕಾಲುವೆಯ ಹೋಲಿಕೆ ಒಂದು ಕಡೆ ಸೋಲುತ್ತದೆ. ಕಾಲುವೆಯ ನೀರು ಕೆಳಗೆ ಹರಿದರೆ ಆಯಿತು, ಜಲಾಶಯಕ್ಕೆ ತಿರುಗಿ ಬರುವುದಿಲ್ಲ. ಕೋಶದ ಲಿಪಿಡ್ ಒಡೆದ ತುಂಡುಗಳು ಒಟ್ಟಾಗಿ ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಇದು ವರ್ತುಲ, ಇಳಿಜಾರಲ್ಲ.

ಹಾಗಾದರೆ ಇದು ದಂಡದ ದುಡಿಮೆಯಲ್ಲವೇ ಎಂದು ಕೇಳಬಹುದು. ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು; ಪ್ರತಿ ಸುತ್ತಿಗೂ ಶಕ್ತಿ ಬೇಕು, ಪ್ರತಿ ಫಾಸ್ಫೇಟಿಗೂ ಎಟಿಪಿ ಎಂಬ ಶಕ್ತಿಯ ಅಣು ತೆರಬೇಕು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿಂತ ಸಂಗ್ರಹದಿಂದ ಸುದ್ದಿ ಕಳಿಸುವ ಕೋಶ ಒಂದು ಸಲ ಮಾತ್ರ ಮಾತಾಡಬಲ್ಲದು; ಎರಡನೇ ಸುದ್ದಿ ಬಂದಾಗ ಮೊದಲಿನದು ಇನ್ನೂ ಅಲ್ಲೇ ಬಿದ್ದಿರುತ್ತದೆ. ನೆರಳು ಬಿತ್ತು, ಸರಿಯಿತು, ಮತ್ತೆ ಬಿತ್ತು ಎಂದು ನೊಣ ತಿಳಿಯಬೇಕಾದರೆ, ತಿಳಿದು ನಮ್ಮ ಕೈಗೆ ಸಿಗದಂತೆ ಹಾರಬೇಕಾದರೆ, ಪ್ರತಿ ಸುದ್ದಿಯೂ ಕ್ಷಣದಲ್ಲಿ ಅಳಿಯಬೇಕು. ತೆರುವ ಶಕ್ತಿ ಆ ವೇಗದ ಬೆಲೆ. ಇನ್ನೊಂದು ಆಕ್ಷೇಪ ನೊಣದ ಕಣ್ಣಿಗೂ ನಮಗೂ ಏನು ಸಂಬಂಧ ಎಂಬುದು. ನಮ್ಮ ಕಣ್ಣಿನ ಮುಖ್ಯ ಬೆಳಕಿನ ಕೋಶಗಳು ಬೇರೆಯೇ ರಾಸಾಯನಿಕ ದಾರಿ ಹಿಡಿದಿವೆ ಎಂಬುದು ನಿಜ. ಆದರೆ ಆರ್‌ಡಿಜಿಬಿಯ ಸೋದರಸಂಬಂಧಿಗಳು ನಮ್ಮ ಕೋಶಗಳಲ್ಲಿವೆ, ವ್ಯಾಪ್ ಕೂಡ ಇದೆ. ಮನುಷ್ಯರಲ್ಲಿ ವ್ಯಾಪ್-ಬಿ ಜೀನಿನ ಒಂದು ದೋಷದಿಂದ ಸ್ನಾಯುಗಳ ಹಿಡಿತ ಕ್ರಮೇಣ ಕಳೆದುಹೋಗುವ ಎಎಲ್ಎಸ್ ರೋಗದ ಒಂದು ಬಗೆ ಬರುತ್ತದೆಂದು 2004ರಲ್ಲೇ ಗೊತ್ತಾಗಿದೆ.

ಮನುಷ್ಯರ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯವಾಗಿ ಕಾಣುವುದು ಇನ್ಸುಲಿನ್ ಮತ್ತು ಕ್ಯಾನ್ಸರ್ ಎರಡೂ ಒಂದೇ ಲಿಪಿಡ್ಡಿನ ಮೇಲೆ ಬಂದು ನಿಲ್ಲುವ ಬಗೆ. ಊಟವಾದ ಮೇಲೆ ಇನ್ಸುಲಿನ್ ಕೋಶದ ಬಾಗಿಲು ತಟ್ಟಿದಾಗ ಪಿಐ-3-ಕೈನೇಸ್ ಎಂಬ ಕಿಣ್ವ ಪಿಪ್-2ಕ್ಕೆ ಮೂರನೇ ಫಾಸ್ಫೇಟ್ ಅಂಟಿಸಿ ಪಿಪ್-3 ಮಾಡುತ್ತದೆ. ಪಿಪ್-3 ಇದ್ದಷ್ಟು ಹೊತ್ತು ಕೋಶ ಸಕ್ಕರೆ ಎಳೆದುಕೊಳ್ಳುತ್ತದೆ, ಬೆಳೆಯುತ್ತದೆ. ಅಂಟಿಸಿದ್ದನ್ನು ಕೀಳುವ ಕೆಲಸ ಪಿಟೆನ್ ಎಂಬ ಪ್ರೋಟೀನಿನದು. 1997ರಲ್ಲಿ ಪಿಟೆನ್ ಜೀನು ಸಿಕ್ಕದ್ದೇ ಕ್ಯಾನ್ಸರ್ ಗಡ್ಡೆಗಳಲ್ಲಿ ಅದು ಮತ್ತೆ ಮತ್ತೆ ಕಳೆದುಹೋಗಿರುವುದನ್ನು ಬೆನ್ನುಹತ್ತಿದವರಿಗೆ. ಅದು ಪಿಪ್-3ನ್ನು ಅಳಿಸುವ ಕಿಣ್ವವೆಂದು ಮರುವರ್ಷ ತಿಳಿಯಿತು. ಅಂದರೆ ಬೆಳೆ ಎಂದು ಹೇಳುವ ಸುದ್ದಿಯನ್ನು ಒರೆಸುವವನು ಹೋದರೆ ಕೋಶ ಬೆಳೆಯುತ್ತಲೇ ಇರುತ್ತದೆ. ಇದನ್ನು ತಡೆಯಲು ಅಂಟಿಸುವ ಕಿಣ್ವವನ್ನೇ ನಿಲ್ಲಿಸಿದರಾಯಿತಲ್ಲ ಎಂದು ಅಲ್ಪೆಲಿಸಿಬ್ ಎಂಬ ಔಷಧಿ ಬಂತು. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದನ್ನು ತೆಗೆದುಕೊಂಡವರಲ್ಲಿ ಬಹಳ ಮಂದಿಗೆ ರಕ್ತದ ಸಕ್ಕರೆ ಏರುತ್ತದೆ. ಏರಲೇಬೇಕು: ಗಡ್ಡೆಯ ಕೋಶ ದುರುಪಯೋಗ ಮಾಡುತ್ತಿದ್ದ ಸುದ್ದಿಯನ್ನೇ ಯಕೃತ್ತು ಮತ್ತು ಸ್ನಾಯು ಇನ್ಸುಲಿನ್ನಿಗಾಗಿ ಬಳಸುತ್ತಿದ್ದವು. ಲಿಪಿಡ್ಡನ್ನು ಒಳ್ಳೆಯದು, ಕೆಟ್ಟದ್ದು ಎಂದು ವಿಂಗಡಿಸುವ ನಮ್ಮ ರೂಢಿ ಇಲ್ಲಿ ಉಪಯೋಗಕ್ಕೆ ಬಾರದು. ಲೆಸಿಥಿನ್ ಎಂಬ ಲಿಪಿಡ್ಡಿನ ಮಾತ್ರೆ ನುಂಗಿ ಪೊರೆಯ ಸಂಕೇತ ಸುಧಾರಿಸಿಕೊಳ್ಳಬಹುದೆಂಬ ಜಾಹೀರಾತಿನ ಮಾತಿಗೂ ಇದೇ ಉತ್ತರ. ಹೊಟ್ಟೆಗೆ ಹೋದ ಲಿಪಿಡ್ ಒಡೆದು ಎಲ್ಲರ ಪಾಲಾಗುತ್ತದೆ. ಯಾವ ಪೊರೆಯಲ್ಲಿ, ಯಾವ ಗಳಿಗೆಯಲ್ಲಿ ಯಾವ ಫಾಸ್ಫೇಟ್ ಅಂಟಬೇಕೆಂಬುದನ್ನು ಕಿಣ್ವಗಳು ತೀರ್ಮಾನಿಸುತ್ತವೆ.

ಗಿಡಗಳೂ ಈ ಭಾಷೆ ಬಲ್ಲವು. ತುಂಗಭದ್ರೆಯ ನೀರು ಈ ಸೀಮೆಗೆ ಭತ್ತದ ಜೊತೆಗೆ ಸವುಳನ್ನೂ ತಂದಿದೆ; ಬಸಿಯಲು ದಾರಿಯಿಲ್ಲದ ಕಡೆ ನೀರು ನಿಂತು ಉಪ್ಪು ಮೇಲೆದ್ದ ಗದ್ದೆಗಳ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ದಶಕಗಳಿಂದ ಅಧ್ಯಯನ ನಡೆದಿದೆ. ಉಪ್ಪು ತಾಗಿದ ನಿಮಿಷಗಳಲ್ಲೇ ಬೇರಿನ ಕೋಶಪೊರೆಯಲ್ಲಿ ಫಾಸ್ಫಟಿಡಿಕ್ ಆಮ್ಲ ಏರುತ್ತದೆ. ನೊಣದ ಕಣ್ಣಿನಲ್ಲಿ ಮರಳಿ ಕಟ್ಟುವ ದಾರಿಯ ಒಂದು ಮೆಟ್ಟಿಲಾಗಿದ್ದ ಅದೇ ವಸ್ತು ಇಲ್ಲಿ ತಾನೇ ಎಚ್ಚರಿಕೆಯ ಗಂಟೆ. ಅದನ್ನೂ ಗಿಡ ಬೇಗನೇ ಬೇರೆಯದಾಗಿ ಬದಲಿಸಿ ತಗ್ಗಿಸುತ್ತದೆ. ಎಲೆಯನ್ನು ಹುಳು ಕಡಿದಾಗಲೂ ಪೊರೆಯ ಲಿಪಿಡ್ಡಿನಿಂದ ಕಳಚಿದ ಲಿನೊಲೆನಿಕ್ ಆಮ್ಲವೇ ಜಾಸ್ಮೋನಿಕ್ ಆಮ್ಲವಾಗಿ ಉಳಿದ ಎಲೆಗಳನ್ನು ಎಚ್ಚರಿಸುತ್ತದೆ.

ಎಲ್ಲ ಪುರಾವೆಯೂ ಇಷ್ಟು ಖಚಿತವಾಗಿಲ್ಲ ಎಂಬುದನ್ನು ಒಪ್ಪಬೇಕು. ಬೈಪೋಲಾರ್ ಎಂಬ ಮನೋರೋಗಕ್ಕೆ ಕೊಡುವ ಲಿಥಿಯಂ, ಇನಾಸಿಟಾಲ್ ಮರಳಿ ದೊರಕುವ ದಾರಿಯ ಒಂದು ಕಿಣ್ವವನ್ನು ತಡೆಯುತ್ತದೆ. ಆದ್ದರಿಂದ ಅತಿಯಾಗಿ ಓಡುತ್ತಿರುವ ನರಕೋಶಗಳಲ್ಲಿ ಈ ವರ್ತುಲವನ್ನು ನಿಧಾನಿಸುವುದೇ ಅದರ ಗುಣವೆಂದು ಬೆರಿಡ್ಜ್ 1980ರ ದಶಕದಲ್ಲಿ ವಾದಿಸಿದರು. ನನ್ನ ವಾದಕ್ಕೆ ಇದು ಬಹಳ ಅನುಕೂಲವಾದ ವಿವರಣೆ. ಆದರೆ ಲಿಥಿಯಂ ಜಿಎಸ್‌ಕೆ-3 ಎಂಬ ಬೇರೊಂದು ಕಿಣ್ವವನ್ನೂ ತಡೆಯುತ್ತದೆಂದು 1996ರಲ್ಲಿ ತಿಳಿದಿದೆ, ಎರಡರಲ್ಲಿ ಯಾವುದರ ಪಾಲು ಎಷ್ಟೆಂಬ ಚರ್ಚೆ ಮುಗಿದಿಲ್ಲ. ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಜೊತೆಗೂಡಿ, ಮಾನಸಿಕ ಕಾಯಿಲೆಯುಳ್ಳ ಕುಟುಂಬಗಳ ಸದಸ್ಯರ ರಕ್ತಕೋಶಗಳಿಂದ ಆಕರಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಬೆಳೆಸಿ ಪರೀಕ್ಷಿಸುತ್ತಿರುವುದು ಇಂಥ ಪ್ರಶ್ನೆಗಳಿಗೆ ನಮ್ಮ ಜನರ ಕೋಶಗಳಲ್ಲೇ ಉತ್ತರ ಹುಡುಕುವ ಪ್ರಯತ್ನ. ಆ ಉತ್ತರ ಸಿಗುವವರೆಗೆ ಲಿಥಿಯಂ ಅನ್ನು ನನ್ನ ಪಕ್ಷದ ಸಾಕ್ಷಿಯಾಗಿ ಕಟಕಟೆಗೆ ಕರೆಯುವುದು ಸರಿಯಲ್ಲ.

ಅದೇ ಆಕರಕೋಶದ ವಿಧಾನದಿಂದ ರಘು ಅವರ ಗುಂಪು ಲೋವ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯನ್ನೂ ಅಭ್ಯಸಿಸುತ್ತಿದೆ. ಇದರಲ್ಲಿ ಕೆಡುವುದು ಪಿಪ್-2ರಿಂದ ಒಂದು ಫಾಸ್ಫೇಟ್ ಕೀಳುವ ಒಸಿಆರ್‌ಎಲ್ ಎಂಬ ಒಂದೇ ಒಂದು ಕಿಣ್ವ. ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ತಾಯಿಗೆ ಸಾಮಾನ್ಯವಾಗಿ ತೊಂದರೆಯಿರುವುದಿಲ್ಲ, ಕಾಯಿಲೆ ಗಂಡುಮಕ್ಕಳಿಗೆ ಬರುತ್ತದೆ. ಮಗು ಎರಡೂ ಕಣ್ಣಿನ ಪೊರೆಯೊಂದಿಗೇ (ಕ್ಯಾಟರಾಕ್ಟ್) ಹುಟ್ಟುತ್ತದೆ, ಮೈ ಸೋತಂತೆ ಮೆತ್ತಗಿರುತ್ತದೆ, ಕತ್ತು ನಿಲ್ಲುವುದು, ಕೂರುವುದು, ಮಾತು ಎಲ್ಲವೂ ತಡವಾಗುತ್ತದೆ, ಮೂತ್ರಪಿಂಡ ಸದ್ದಿಲ್ಲದೆ ಉಪಯುಕ್ತ ವಸ್ತುಗಳನ್ನು ಸೋರಿಬಿಡುತ್ತದೆ. ಕಣ್ಣಿನ ಪೊರೆ ತೆಗೆಸಿದ್ದಾಯಿತು, ಉಳಿದದ್ದು ಬೆಳೆದಂತೆ ಸರಿಹೋಗುತ್ತದೆ ಎಂದು ಮನೆಯವರು ಕಾಯುವುದು ಸಹಜ; ಹಾಗೆ ಕಾಯುವ ವರ್ಷಗಳಲ್ಲಿ ಎಲುಬು ಮೆತ್ತಗಾಗುತ್ತದೆ, ಮೂತ್ರಪಿಂಡ ಇನ್ನಷ್ಟು ಸೋಲುತ್ತದೆ. ನಿಮ್ಮ ಓಣಿಯಲ್ಲಿ, ನೆಂಟರಲ್ಲಿ, ಹುಟ್ಟುತ್ತಲೇ ಎರಡೂ ಕಣ್ಣಿಗೆ ಪೊರೆಯಿರುವ, ಮೈ ಮೆತ್ತಗಿರುವ ಗಂಡುಮಗುವಿದ್ದರೆ, ಕಣ್ಣಿನ ಶಸ್ತ್ರಕ್ರಿಯೆಯ ಜೊತೆಗೆ ಮೂತ್ರ ಮತ್ತು ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸುವಂತೆ ಮಕ್ಕಳ ವೈದ್ಯರನ್ನು ಕೇಳಿರಿ.